ಇಳಿಜಾರಿನಲ್ಲಿ ಒತ್ತಿದ ಸೊನ್ನೆ

ಪ್ರೀತಿಯ ಅಕ್ಕನಿಗೆ,

ಹೋದ ತಿಂಗಳು ನಿನ್ನ ರೂಮಿಗೆ ಬಂದು ನಾನು ಹೇಳಿದ್ದನ್ನು ನೀನು ನಂಬಲಿಲ್ಲ. ಬೈಯುತ್ತೀಯ, ಬಾಗಿಲು ಹಾಕಿಕೊಳ್ಳುತ್ತೀಯ, ಕೆನ್ನೆಗೆ ಎರಡು ಬಾರಿಸಿದರೂ ಬಾರಿಸುತ್ತೀಯ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ನಂಬುವುದೇ ಇಲ್ಲ ಎಂದು ಮಾತ್ರ ಎಣಿಸಿರಲಿಲ್ಲ. ನೀನು ನನ್ನ ಮುಂದೆ ನೀರಿನ ಲೋಟ ಇಟ್ಟೆ. ಇಟ್ಟ ಮೇಲೆ ಅದು ನಿಂತಿದೆಯೋ ಇಲ್ಲವೋ ಎಂದು ಬೆರಳಿನಿಂದ ಮುಟ್ಟಿ ನೋಡಿದೆ. ಆಮೇಲೆ ಹೇಳಿದೆ: "ನನ್ನ ಸಮಾಧಾನಕ್ಕೆ ಅಂತ ಒಂದು ಸುಳ್ಳು ಕಟ್ಕೊಂಡು ಇಷ್ಟು ದೂರ ಬಂದ್ಯಾ? ನಾನೇ ಜೋರಾಗಿ ತಿರುಗಿಸಿದ್ದು ಕಣೇ. ಅವತ್ತು ಮನಸ್ಸು ಎಲ್ಲೋ ಇತ್ತು. ನನಗೆ ಚೆನ್ನಾಗಿ ನೆನಪಿದೆ."

ನಿನಗೆ ನೆನಪಿರುವುದು ನಡೆದದ್ದಲ್ಲ ಅಕ್ಕ. ನಾವೆಲ್ಲ ಸೇರಿ ನಿನಗೆ ಕಲಿಸಿಕೊಟ್ಟದ್ದು. ಕಲಿಸಿದವರಲ್ಲಿ ಮೊದಲನೆಯವಳು ನಾನು. ಅದಕ್ಕೇ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ. ಅಳುವವರ ಮಾತು ನಿನಗೆ ಚಿಕ್ಕಂದಿನಿಂದಲೂ ನಂಬಿಕೆಯಿಲ್ಲ. ಕಾಗದ ಅಳುವುದಿಲ್ಲ. ಇಷ್ಟು ಚಾಚಿದರೆ ಇಷ್ಟು ಟನ್ ಎಂಬ ಪಟ್ಟಿಯನ್ನು ಕ್ರೇನಿನ ಕ್ಯಾಬಿನಿನಲ್ಲಿ ಬೆರಳಿಟ್ಟು ಓದುತ್ತಿದ್ದೆಯಲ್ಲ, ಹಾಗೆ ಇದನ್ನೂ ಸಾಲುಸಾಲಾಗಿ ಓದು.

ಕ್ರೇನುಗಳನ್ನು ಬಾಡಿಗೆಗೆ ಕಳಿಸುವ ಆ ಯಾರ್ಡಿಗೆ ನನ್ನನ್ನು ಕರೆದುಕೊಂಡು ಹೋದವಳೇ ನೀನು. ಇಪ್ಪತ್ತಾರು ಗಂಡಸು ಆಪರೇಟರುಗಳ ನಡುವೆ ನೀನೊಬ್ಬಳೇ ಹೆಂಗಸು. ಮೊದಮೊದಲು ಅವರು, "ಅಡುಗೆಮನೆ ಸೌಟು ಬಿಟ್ಟು ಇದನ್ನ ಹಿಡ್ಕೊಂಡ್ಯಾ ತಾಯಿ?" ಎಂದು ನಗುತ್ತಿದ್ದರಂತೆ. "ಸೌಟು ಹಿಡಿದವಳಿಗೇ ಗೊತ್ತಾಗೋದು, ಎಷ್ಟು ಓರೆ ಮಾಡಿದ್ರೆ ಚೆಲ್ಲುತ್ತೆ ಅಂತ" ಎಂದು ನೀನು ಬಾಯಿ ಮುಚ್ಚಿಸಿದ್ದೆ. ಹದಿನೆಂಟು ಟನ್ನಿನ ತೊಲೆಯನ್ನು ನೀನು ಇಳಿಸುವಾಗ ಕೆಳಗಿನವರು ಕೆಲಸ ಬಿಟ್ಟು ನೋಡುತ್ತಿದ್ದರು. ನಿದ್ದೆ ಬಂದ ಮಗುವನ್ನು ಮಡಿಲಿನಿಂದ ಹಾಸಿಗೆಗೆ ಹಾಕುವ ಹಾಗೆ ಇಳಿಸುತ್ತಿದ್ದೆ, ಸದ್ದೇ ಇರುತ್ತಿರಲಿಲ್ಲ.

ನನ್ನ ಗಂಡನನ್ನು ಹುಡುಕಿಕೊಟ್ಟವಳೂ ನೀನೇ. ಸೀಟಿ ಊದುತ್ತ, ಕೈಸನ್ನೆಯಲ್ಲಿ ನಿನಗೆ ದಾರಿ ತೋರಿಸುವ ಸಿಗ್ನಲ್‌ಮನ್. ನೀನು ಅವರಿಗೆ ಇಟ್ಟ ಹೆಸರು ಪೀಪಿ. ಒಂದು ದಿನ ಮನೆಗೆ ಬಂದು, "ಹೇಳಿದ್ದನ್ನ ಕೈಯಲ್ಲೂ ಅದನ್ನೇ ತೋರಿಸೋ ಗಂಡಸು ಒಬ್ಬ ಸಿಕ್ಕಿದಾನೆ. ಇಂಥವರು ಕಡಿಮೆ. ಮದುವೆ ಆಗ್ತೀಯಾ?" ಎಂದು ಕೇಳಿದ್ದೆ. ಅಷ್ಟು ಹೊತ್ತಿಗೆ ನಾನು ಸೆನ್ಸರುಗಳ ಕೆಲಸ ಕಲಿತು ಅದೇ ಯಾರ್ಡಿನಲ್ಲಿ ಅವನ್ನು ಸರಿಹೊಂದಿಸಿ ಸರ್ಟಿಫಿಕೇಟಿಗೆ ಸಹಿ ಹಾಕುವವಳಾಗಿದ್ದೆ. ನೀನು ಮೇಲೆ, ಅವರು ಕೆಳಗೆ, ನಾನು ಯಂತ್ರದ ಹೊಟ್ಟೆಯೊಳಗೆ. "ಇಡೀ ಸಂಸಾರಾನೇ ಒಂದು ಕ್ರೇನಲ್ಲಿದೆಯಲ್ರೀ" ಎಂದು ಫೋರ್‌ಮನ್ ನಗುತ್ತಿದ್ದರು.

ಈಗ ಆ ಹೊಟ್ಟೆಯೊಳಗಿನ ವಿಷಯ. ಸಹನೆಯಿಂದ ಓದು, ನಾನು ಹೇಳಬೇಕಾದದ್ದೆಲ್ಲ ಇದರ ಮೇಲೆ ನಿಂತಿದೆ.

ನಿನ್ನ ಕ್ರೇನಿನ ಅಡಿಗಟ್ಟಿನಲ್ಲಿ, ಬೂಮಿನ ಉದ್ದ ತೋಳು ತಿರುಗುವ ಚಕ್ರದ ಪಕ್ಕದಲ್ಲಿ ಒಂದು ಕಪ್ಪು ಡಬ್ಬಿ ಇತ್ತು. ಸೋಪಿನ ಪೆಟ್ಟಿಗೆಯಷ್ಟು ದೊಡ್ಡದು. ಯಂತ್ರ ಎಷ್ಟು ವಾಲಿದೆ ಎಂದು ಅಳೆಯುವ ಸೆನ್ಸರ್ ಅದೇ. ಅದರೊಳಗಿನ ಚಿಪ್‌ನಲ್ಲಿ ಕಣ್ಣಿಗೆ ಕಾಣದಷ್ಟು ಪುಟ್ಟ ತೂಕವೊಂದು ಕೂದಲಿಗಿಂತ ತೆಳುವಾದ ಸ್ಪ್ರಿಂಗುಗಳಲ್ಲಿ ತೂಗಿಕೊಂಡಿರುತ್ತದೆ. ಯಂತ್ರ ಒಂದು ಕಡೆಗೆ ವಾಲಿದರೆ ಭೂಮಿ ಆ ತೂಕವನ್ನು ಅದೇ ಕಡೆಗೆ ಎಳೆಯುತ್ತದೆ. ತೂಕದ ಆಚೆ ಈಚೆ ಎರಡು ತೆಳು ತಗಡು. ಒಂದಕ್ಕೆ ಹತ್ತಿರವಾದರೆ ಇನ್ನೊಂದಕ್ಕೆ ದೂರ. ಆ ಸಂದು ಎಷ್ಟು ಕಿರಿದಾಯಿತು, ಎಷ್ಟು ಅಗಲವಾಯಿತು ಎಂಬುದನ್ನು ವಿದ್ಯುತ್ತಿನಿಂದ ಅಳೆದು, ಡಿಗ್ರಿ ಲೆಕ್ಕಕ್ಕೆ ತಂದು ನಿನ್ನ ಪರದೆಗೆ ಕಳಿಸುತ್ತದೆ. ಹಿಂದುಮುಂದಿಗೆ ಒಂದು ಅಂಕಿ, ಎಡಬಲಕ್ಕೆ ಒಂದು ಅಂಕಿ. ಒಂದು ಡಿಗ್ರಿ ದಾಟಿದರೆ ಕಿರುಚುತ್ತದೆ. ಮೇಸ್ತ್ರಿಯ ತೂಗುಗುಂಡು ಮಾಡುವ ಕೆಲಸವೇ. ದಾರದ ಬದಲು ಸ್ಪ್ರಿಂಗು, ಕಣ್ಣಿನ ಬದಲು ಕರೆಂಟು.

ಆದರೆ ಡಬ್ಬಿಯನ್ನು ಯಂತ್ರಕ್ಕೆ ಬಿಗಿಯುವಾಗ ಅದು ಸ್ವಲ್ಪವಾದರೂ ಓರೆಯಾಗಿಯೇ ಕೂರುತ್ತದೆ. ಅದಕ್ಕಾಗಿ ಯಂತ್ರವನ್ನು ಸಮವಾದ ಜಾಗದಲ್ಲಿ ನಿಲ್ಲಿಸಿ, "ಇದೇ ಸೊನ್ನೆ" ಎಂದು ಅದಕ್ಕೆ ಹೇಳಿಕೊಡಬೇಕು. ಒಂದು ಗುಂಡಿ, ಮೂರು ಸೆಕೆಂಡು ಒತ್ತಿ ಹಿಡಿದರೆ ಆಯಿತು. ಅಲ್ಲಿಂದಾಚೆಗೆ ಅದು ಎಲ್ಲವನ್ನೂ ಆ ಸೊನ್ನೆಯಿಂದಲೇ ಎಣಿಸುತ್ತದೆ. ಹೇಳಿಕೊಟ್ಟದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಯಂತ್ರವನ್ನು ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿ ಇನ್ನೊಮ್ಮೆ ಓದಬೇಕು. ನೆಲ ಸಮವಾಗಿದ್ದರೆ ಆಗಲೂ ಸೊನ್ನೆ ಬರುತ್ತದೆ. ನೆಲ ವಾಲಿದ್ದರೆ, ವಾಲಿದ್ದರ ಎರಡು ಪಟ್ಟು ಬರುತ್ತದೆ. ನೆಲದ ಕಳ್ಳತನ ಅಲ್ಲಿ ಸಿಕ್ಕಿಬೀಳುತ್ತದೆ. ಫಾರಂನಲ್ಲಿ ಇದಕ್ಕೆ ಎರಡು ಚೌಕಗಳಿವೆ: ಮೊದಲ ಓದು, ತಿರುಗಿಸಿದ ಓದು.

ಅಪಘಾತಕ್ಕೆ ಒಂಬತ್ತು ದಿನ ಮೊದಲು ನಿನ್ನ ಕ್ರೇನಿನ ಹಳೆಯ ಸೆನ್ಸರ್ ತೆಗೆದು ಹೊಸದು ಕೂರಿಸಿದವಳು ನಾನು. ಸೊನ್ನೆ ಒತ್ತಲು ನಮ್ಮಲ್ಲಿ ಒಂದೇ ಜಾಗ, ಮೂರನೇ ಶೆಡ್ಡಿನ ಉಕ್ಕಿನ ಹಾಸು. ಅವತ್ತು ಅದರ ಮೇಲೆ ಯಾವುದೋ ಎಂಜಿನ್ ಬಿಚ್ಚಿ ಹರಡಿದ್ದರು. ಫೋರ್‌ಮನ್ ನಿನಗೆ ಗೊತ್ತಲ್ಲ, "ಆಯ್ತಾ?" ಎಂಬ ಒಂದು ಪದದಲ್ಲೇ ಜೀವನ ಕಳೆದವರು, ಬೆನ್ನ ಹಿಂದೆ ಅವರನ್ನು ಆಯ್ತಾ ಸಾಹೇಬರು ಎಂದೇ ಕರೆಯುತ್ತಿದ್ದೆವು. ಅವರು ಮೂರು ಸಲ ಬಂದು "ಆಯ್ತಾ?" ಎಂದು ಕೇಳಿಹೋದರು. ಅವರ ಮೇಲೆ ಹಾಕುತ್ತಿಲ್ಲ. ಇನ್ನೂ ಎರಡು ಗಂಟೆ ಬೇಕು ಸಾರ್ ಎಂದಿದ್ದರೆ ಗೊಣಗಿಕೊಂಡು ಹೋಗುತ್ತಿದ್ದರು, ಅಷ್ಟೇ. ನಾನು ಹಾಗೆ ಅನ್ನಲಿಲ್ಲ. ಪುಟ್ಟಿಯ ಶಾಲೆಯಲ್ಲಿ ಐದು ಗಂಟೆಗೆ ಪೋಷಕರ ಸಭೆ ಇತ್ತು. ಖಾಲಿ ಕಂಡ ಜಾಗಕ್ಕೆ ಕ್ರೇನನ್ನು ತರಿಸಿ ನಿಲ್ಲಿಸಿದೆ. ಕಣ್ಣಿಗೆ ನೆಲ ಸಮವಾಗಿಯೇ ಕಂಡಿತು. ಗುಂಡಿ ಒತ್ತಿದೆ. ಪರದೆಯಲ್ಲಿ ಸೊನ್ನೆ ಬಂತು. ತಿರುಗಿಸಿ ನೋಡಲಿಲ್ಲ. ಎರಡನೇ ಚೌಕದಲ್ಲೂ ಸೊನ್ನೆ ಬರೆದು ಸಹಿ ಹಾಕಿದೆ.

ಆ ಖಾಲಿ ಜಾಗ ಯಾವುದು ಗೊತ್ತೇ ಅಕ್ಕ? ಗಾಡಿ ತೊಳೆಯುವ ಜಾಗ. ನೀರು ಮೋರಿಗೆ ಹರಿದುಹೋಗಲಿ ಎಂದು ಬೇಕೆಂದೇ ಇಳಿಜಾರಾಗಿ ಕಟ್ಟಿದ ನೆಲ.

ಒಂಬತ್ತನೇ ದಿನ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಆಸ್ಪತ್ರೆಯ ಓಣಿಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿ, ಭುಜದ ಮೂಳೆ ಮುರಿದುಕೊಂಡು, ನೀನೇ ನನಗೆ ಹೇಳಿದೆ. ಅವತ್ತಿನ ಮಾತು ನಿನಗೆ ಮರೆತುಹೋಗಿದೆ. ನನಗೆ ಒಂದಕ್ಷರವೂ ಮರೆತಿಲ್ಲ. ನಿನ್ನದನ್ನೇ ನಿನಗೆ ಹಿಂತಿರುಗಿಸುತ್ತಿದ್ದೇನೆ, ತೆಗೆದುಕೋ.

ನಾಲ್ಕು ಮಹಡಿಯ ಕಟ್ಟಡದ ತಾರಸಿಗೆ ಒಂದು ದೊಡ್ಡ ನೀರಿನ ಟ್ಯಾಂಕು ಏರಿಸುವುದಿತ್ತು. ನೀನು ಕ್ರೇನಿನ ನಾಲ್ಕು ಕಾಲು ಚಾಚಿ, ಪರದೆ ನೋಡಿಕೊಂಡು ಒಂದೊಂದೇ ಜಾಕು ಏರಿಸಿ ಇಳಿಸಿ ಯಂತ್ರವನ್ನು ಮಟ್ಟ ಮಾಡಿದೆ. ಪರದೆ ಸೊನ್ನೆ ಪಾಯಿಂಟ್ ನಾಲ್ಕು ಎಂದಿತು. ಲೆಕ್ಕಕ್ಕೆ ಸರಿಯೇ. ಆದರೂ ನಿನಗೆ ಒಗ್ಗಲಿಲ್ಲ. ನೀನು ಹೇಳಿದ್ದು ಹೀಗೆ: "ಸೀಟಲ್ಲಿ ಕೂತ ತಕ್ಷಣ ಗೊತ್ತಾಯ್ತು ಕಣೇ, ಬಲಗಡೆ ತೊಡೆ ಮೇಲೇ ಭಾರ ಬೀಳ್ತಿತ್ತು. ಕೆಳಗೆ ಕೂಗಿದೆ. ಪೀಪಿ, ಒಂಚೂರು ಓರೆ ಅನ್ಸುತ್ತಲ್ಲಯ್ಯ ಅಂತ. ಅವನು ನಕ್ಕ. ನನ್ನ ಹೆಂಡ್ತಿ ಅಳತೆ ಮಾಡಿರೋದು, ನಿನ್ನ ತೊಡೆನ ಯಾರು ಅಳತೆ ಮಾಡಿದಾರೆ, ಎತ್ತು ಅಂದ. ನಾನೂ ನಕ್ಕೆ. ನೀನು ಕೂರಿಸಿದ್ದಲ್ವಾ ಅಂತ ನಂಬಿದೆ."

ಕ್ಯಾಬಿನಿನಲ್ಲಿ ಹಳೇ ರಸಮಟ್ಟವೊಂದಿತ್ತು, ಅದರ ಗಾಜು ಒಡೆದು ಎಷ್ಟೋ ದಿನವಾಗಿತ್ತು. ಸೆನ್ಸರ್ ಇದೆಯಲ್ಲ ಎಂದು ಯಾರೂ ಬದಲಿಸಲಿಲ್ಲ. ಇದ್ದಿದ್ದರೆ ಅದರ ಗುಳ್ಳೆ ನಿನ್ನ ತೊಡೆಯ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ನೀನು ನಿಧಾನವಾಗಿಯೇ ಎತ್ತಿದೆ. ನಿಧಾನವಾಗಿಯೇ ಬಲಕ್ಕೆ ತಿರುಗಿಸಿದೆ. ಯಂತ್ರ ನಿಜವಾಗಿ ವಾಲಿದ್ದದ್ದು ಎರಡು ಡಿಗ್ರಿ, ನಿನ್ನ ಪರದೆಯ ಸೊನ್ನೆ ಪಾಯಿಂಟ್ ನಾಲ್ಕರ ಮೇಲೆ ನಾನು ಸೊನ್ನೆಯೆಂದು ಕಲಿಸಿಕೊಟ್ಟ ಒಂದು ಪಾಯಿಂಟ್ ಆರು. ಅಷ್ಟುದ್ದ ಚಾಚಿದ ಬೂಮಿನ ತುದಿಯಲ್ಲಿ ಎರಡು ಡಿಗ್ರಿ ಎಂದರೇನು ಎಂದು ನಾನು ನಿನಗೆ ಹೇಳಬೇಕಿಲ್ಲ. ಭಾರ ತಗ್ಗಿನ ಕಡೆಗೆ ಬಂದಾಗ ಎಡಗಡೆಯ ಎರಡೂ ಕಾಲು ನೆಲ ಬಿಟ್ಟವು. ಅವರು ಸೀಟಿ ಊದಿದರು. ಕೆಳಗಿದ್ದ ನಾಲ್ಕು ಜನ ಓಡಿ ಬದುಕಿದರು. ಊದುತ್ತ ನಿಂತವರು ಓಡಲಿಲ್ಲ.

ಓಣಿಯಲ್ಲಿ ನೀನು ಇದನ್ನೆಲ್ಲ ಹೇಳಿದಾಗ ನಾನು ಏನಂದೆ, ನೆನಪಿದೆಯೇ? "ನನ್ನ ಮೇಲೆ ಹಾಕ್ಬೇಡ" ಅಂದೆ. ಗಂಡ ಸತ್ತು ಮೂರು ಗಂಟೆ ಆಗಿರಲಿಲ್ಲ, ನನ್ನ ಬಾಯಿಂದ ಬಂದ ಮೊದಲ ಮಾತು ಅದು.

ವಿಚಾರಣೆಯಲ್ಲಿ ಯಂತ್ರದ ನೆನಪಿನಲ್ಲಿ ಉಳಿದ ಅಂಕಿಗಳನ್ನು ಓದಿ ವಿವರಿಸಿದವಳೂ ನಾನೇ. ಡಬ್ಬಿ ಯಂತ್ರದಡಿ ನುಚ್ಚಾಗಿತ್ತು, ಅಂಕಿ ಮಾತ್ರ ಉಳಿದಿತ್ತು. ಸೊನ್ನೆ ಪಾಯಿಂಟ್ ನಾಲ್ಕು, ಸೊನ್ನೆ ಪಾಯಿಂಟ್ ನಾಲ್ಕು, ಕೊನೆಯವರೆಗೂ ಅದೇ, ಆಮೇಲೆ ಒಮ್ಮೆಲೇ ನಲವತ್ತು. "ಯಂತ್ರ ಮಟ್ಟದಲ್ಲೇ ಇತ್ತು ಅಂದ ಮೇಲೆ ಜೋರಾಗಿ ತಿರುಗಿಸಿರಬೇಕು, ಅಲ್ವಾ?" ಎಂದು ಅಧಿಕಾರಿ ಕೇಳಿದರು. "ಯಂತ್ರ ಸುಳ್ಳು ಹೇಳಲ್ಲ ಸಾರ್" ಅಂದೆ. ನೀನು ಕೈಗೆ ಜೋಳಿಗೆ ಕಟ್ಟಿಕೊಂಡು ಎದುರು ಕುರ್ಚಿಯಲ್ಲಿ ಕೂತಿದ್ದೆ. ನನ್ನ ಸರ್ಟಿಫಿಕೇಟನ್ನು ಯಾರೂ ಪ್ರಶ್ನಿಸಲಿಲ್ಲ. ಗಂಡನನ್ನು ಕಳೆದುಕೊಂಡವಳನ್ನು ಯಾರು ಏನು ಕೇಳುತ್ತಾರೆ? ಎಲ್ಲರೂ ನನಗೆ ನೀರು ತಂದುಕೊಟ್ಟರು. ನಿನ್ನ ಲೈಸೆನ್ಸ್ ಕಿತ್ತುಕೊಂಡರು.

ಒಂದು ವಾರ ಬಿಟ್ಟು ನೀನು ನಮ್ಮ ಬಾಗಿಲಿಗೆ ಬಂದಾಗ ಪುಟ್ಟಿ ಒಳಗಿನಿಂದ "ದೊಡ್ಡಮ್ಮಾ" ಎಂದು ಓಡಿಬಂದಳು. ಅವಳನ್ನು ತೋಳು ಹಿಡಿದು ಹಿಂದಕ್ಕೆ ಎಳೆದೆ. "ಆ ಕೈ ನನ್ನ ಮಗಳ ಮೇಲೆ ಬೀಳಬಾರದು" ಅಂದೆ. ನೀನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ ಅಕ್ಕ. ಮೆಟ್ಟಿಲಿಳಿದು ಹೋದೆ. ಆ ದಿನದಿಂದ ನೀನು ನಿನ್ನ ತೊಡೆಯನ್ನು, ನಿನ್ನ ಕೈಯನ್ನು, ನಿನ್ನ ನೆನಪನ್ನು ನಂಬುವುದನ್ನು ಬಿಟ್ಟೆ ಎಂದು ನನಗೀಗ ಅನ್ನಿಸುತ್ತದೆ. ಮಾಡಿದವಳು ನಾನು, ಉಂಡವಳು ನೀನು.

ಹದಿನಾಲ್ಕು ತಿಂಗಳು ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಹಳೆಯ ಫಾರಂಗಳನ್ನೆಲ್ಲ ಪಟ್ಟಿ ಮಾಡಿ ಕೊಡಿ ಎಂದು ಆಫೀಸಿನವರು ಕೇಳಿದರು. ಒಂದೊಂದೇ ತಿರುವಿಹಾಕುತ್ತ ನಿನ್ನ ಕ್ರೇನಿನದು ಬಂತು. ಅದರಲ್ಲಿ 'ಸ್ಥಳ' ಎಂದೊಂದು ಕಾಲಂ ಇದೆ. ಎಲ್ಲದರಲ್ಲೂ 'ಶೆಡ್ ಮೂರು' ಎಂದೇ ಇರುತ್ತದೆ, ಯಾರೂ ಓದುವುದಿಲ್ಲ. ಇದರಲ್ಲಿ ನನ್ನದೇ ದುಂಡು ಅಕ್ಷರದಲ್ಲಿ 'ಗಾಡಿ ತೊಳೆಯುವ ಜಾಗ' ಎಂದಿತ್ತು. ಎರಡನೇ ಚೌಕಕ್ಕೆ ಸುಳ್ಳು ಬರೆದ ಕೈ ಸ್ಥಳದ ಕಾಲಂನಲ್ಲಿ ಸತ್ಯ ಬರೆದಿತ್ತು. ಆ ಕಾಗದ ವಿಚಾರಣೆಯ ಮೇಜಿನ ಮೇಲೆ ನಾಲ್ಕು ದಿನ ಬಿದ್ದಿತ್ತು ಅಕ್ಕ. ಏಳು ಜನ ಕೈಯಲ್ಲಿ ಹಿಡಿದು ನೋಡಿದ್ದರು. ನಾನೂ ನೋಡಿದ್ದೆ.

ಅಳತೆಯ ಮಟ್ಟವನ್ನು ಪೆಟ್ಟಿಗೆಯಿಂದ ತೆಗೆದುಕೊಂಡು ಹೊರಟೆ. ನೆಲದ ಮೇಲಿಟ್ಟೆ, ಓದಿದೆ. ಹಿಂದುಮುಂದು ತಿರುಗಿಸಿ ಇಟ್ಟೆ, ಓದಿದೆ. ಅವತ್ತು ಮಾಡದೆ ಬಿಟ್ಟದ್ದನ್ನು ಈಗ ಆರು ಸಲ ಮಾಡಿದೆ. ಒಂದು ಪಾಯಿಂಟ್ ಆರು. ಮೂವತ್ತೈದು ಅಡಿ ಹೋದರೆ ಒಂದು ಅಡಿ ಇಳಿಯುವ ನೆಲ. ಮೊಣಕಾಲೂರಿ ಅಲ್ಲೇ ಕೂತುಬಿಟ್ಟೆ. ಗಾಡಿ ತೊಳೆಯುವವರು ಪೈಪು ಹಿಡಿದುಕೊಂಡು ತುಂಬ ಹೊತ್ತು ಕಾದು, ಕೊನೆಗೆ ಸಂಕೋಚದಿಂದ, "ಮೇಡಂ, ಸ್ವಲ್ಪ ಜಾಗ ಬಿಡ್ತೀರಾ, ನೀರು ಬಿಡ್ಬೇಕು" ಅಂದರು. ಎದ್ದೆ. ಅವರು ನೀರು ಬಿಟ್ಟರು. ಅದು ಯಾರನ್ನೂ ಕೇಳದೆ ಮೋರಿಯ ಕಡೆಗೆ ಹರಿಯಿತು.

ನಾನು ಸುಮ್ಮನಿರಲಿಲ್ಲ. ಅಷ್ಟನ್ನಾದರೂ ನಂಬು. ಅದೇ ವಾರ ಎಲ್ಲವನ್ನೂ ಬರೆದು, ಫಾರಂನ ಪ್ರತಿ ಲಗತ್ತಿಸಿ, ತನಿಖೆ ಮಾಡಿದ ಕಚೇರಿಗೆ ಹೋದೆ. ಅದೇ ಅಧಿಕಾರಿ. ಕುರ್ಚಿ ಎಳೆದು ಕೂರಿಸಿದರು, ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು, "ನೋಡಮ್ಮಾ, ಹೋದವರನ್ನ ನೆನೆಸ್ಕೊಂಡು ತುಂಬಾ ಮನಸ್ಸಿಗೆ ಹಚ್ಕೊಂಡಿದೀರಿ. ಅಕ್ಕನ ಮೇಲೂ ಪ್ರೀತಿ. ಸಹಜ. ಸೆನ್ಸರ್ ಪುಡಿಯಾಗಿದೆ, ಕ್ರೇನ್ ಗುಜರಿಗೆ ಹೋಗಿದೆ. ಈಗ ಯಾವುದನ್ನ ಅಳೆದು ತೋರಿಸೋದು? ಸ್ವಲ್ಪ ದಿನ ರಜ ಹಾಕಿ" ಎಂದರು. ನನ್ನ ಕಾಗದವನ್ನು ಫೈಲಿನ ಕೊನೆಗೆ ಸೇರಿಸಿಕೊಂಡರು. ನಿನ್ನ ಮೇಲಿನ ತೀರ್ಮಾನ ಹಾಗೇ ಉಳಿಯಿತು. ಆಯ್ತಾ ಸಾಹೇಬರ ಬಳಿ ಹೋದೆ. ಅವರು ಮೊದಲ ಸಲ ಬೇರೆ ಮಾತಾಡಿದರು: "ಸತ್ತೋರು ಎದ್ದು ಬರಲ್ಲಮ್ಮ. ಕೆದಕಬೇಡ." ಸೊನ್ನೆ ಒತ್ತುವ ಕೆಲಸ ನನಗಿನ್ನು ಬೇಡ ಎಂದು ಬರೆದುಕೊಟ್ಟೆ. ಈಗ ಸ್ಟೋರಿನಲ್ಲಿ ಬೋಲ್ಟು ನಟ್ಟು ಎಣಿಸುತ್ತೇನೆ.

ಆಮೇಲೆ ನಿನ್ನಲ್ಲಿಗೆ ಬಂದೆ. ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ ಮುಗಿಸಿ ನೀನು ಆಗಷ್ಟೇ ಬಂದಿದ್ದೆ, ಬೆರಳುಗಳಲ್ಲಿ ಅಂಟು ಒಣಗಿತ್ತು. ರೂಮು ನೆಲದ ಮಟ್ಟದಲ್ಲೇ ಇತ್ತು. ಮೇಲಿನ ಮಹಡಿಯಲ್ಲಿ ಗಾಳಿ ಬೆಳಕಿನ ರೂಮು ಖಾಲಿಯಿದ್ದರೂ ನೀನು ಮೆಟ್ಟಿಲು ಹತ್ತುವುದಿಲ್ಲವೆಂದು ಮನೆಯಾಕೆ ಹೇಳಿದರು. ಎಂಬತ್ತು ಅಡಿ ಎತ್ತರದ ಗಾಳಿಯಲ್ಲಿ ಭಾರ ತೂಗಿಸಿದವಳು. ಗೋಡೆ ಹಿಡಿದು ನಡೆಯುತ್ತಿದ್ದೆ. ನಾನು ಹೇಳುತ್ತ ಹೋದೆ, ನೀನು ತಲೆಯಾಡಿಸುತ್ತ ಹೋದೆ, ಜ್ವರದ ಮಗು ಬಡಬಡಿಸುವುದನ್ನು ಕೇಳುವವಳ ಹಾಗೆ. ಹೊರಡುವಾಗ ನನ್ನ ಬೆನ್ನು ಸವರಿ, "ಊಟ ಸರಿಯಾಗಿ ಮಾಡು" ಅಂದೆ. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕಚೇರಿಯೂ ಕೊಡಲಾರದು. ತಪ್ಪೊಪ್ಪಿಕೊಳ್ಳಲು ಹೋದಲ್ಲೆಲ್ಲ ನನಗೆ ಸಮಾಧಾನವೇ ಸಿಗುತ್ತಿದೆ.

ನಂಬಿದವಳು ಒಬ್ಬಳೇ. ಹೋದ ಭಾನುವಾರ ಬೆಳಿಗ್ಗೆ ಪುಟ್ಟಿಗೆ ಹೇಳಿದೆ. ಹನ್ನೆರಡು ತುಂಬಿತು ಅವಳಿಗೆ, ಅರ್ಥವಾಗುವ ವಯಸ್ಸು. ಫಾರಂ ಕೇಳಿ ತೆಗೆದುಕೊಂಡಳು. ಎರಡು ಚೌಕಗಳನ್ನೂ, ಸ್ಥಳದ ಕಾಲಂ ಅನ್ನೂ ನೋಡಿದಳು. ಅಳಲಿಲ್ಲ. "ಹಾಗಾದ್ರೆ ದೊಡ್ಡಮ್ಮನ್ನ ಯಾಕೆ ಬೈದೆ?" ಎಂದು ಕೇಳಿದಳು. ಗೊತ್ತಿರಲಿಲ್ಲ ಮಗಳೇ ಅಂದೆ. "ಗೊತ್ತಿಲ್ಲದೇ ಇದ್ರೆ ಸುಮ್ನಿರಬೇಕಿತ್ತು" ಅಂದಳು. ಅಂದಿನಿಂದ ನಾನು ಬಡಿಸಿದ್ದನ್ನು ಉಣ್ಣುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅಮ್ಮಾ ಎಂದು ಮಾತ್ರ ಕರೆಯುವುದಿಲ್ಲ. ನಿನ್ನೆ ಚೀಲ ತೆಗೆದು ಬಟ್ಟೆ ಮಡಚಿಡುತ್ತಿದ್ದಳು. ದೊಡ್ಡಮ್ಮನ ಹತ್ತಿರ ಇರುತ್ತೇನೆ ಎನ್ನುತ್ತಾಳೆ. ಬೇಡ ಎಂದು ಯಾವ ಬಾಯಿಂದ ಹೇಳಲಿ?

ಶಾಲೆಗೆ ರಜೆ ಶುರುವಾಗಿದೆ. ಬರುವ ಭಾನುವಾರ ಹನ್ನೊಂದರ ಬಸ್ಸಿಗೆ ಅವಳನ್ನು ಹತ್ತಿಸುತ್ತೇನೆ, ಪಕ್ಕದ ಮನೆಯವರು ಅದೇ ಬಸ್ಸಿನಲ್ಲಿ ಬರುವವರಿದ್ದಾರೆ, ನಿನ್ನ ಬಾಗಿಲವರೆಗೂ ಬಿಡುತ್ತಾರೆ. ಈ ಕಾಗದ ಅವಳ ಕೈಯಲ್ಲೇ ಬರುತ್ತದೆ. ಎಷ್ಟು ದಿನ ಇರುತ್ತಾಳೋ ಇರಲಿ. ರಜೆ ಮುಗಿದ ಮೇಲೂ ಇರುತ್ತೇನೆಂದರೆ ಅಲ್ಲಿಯೇ ಶಾಲೆ ನೋಡಿಕೊಡು. ಹಾಲು ಕುಡಿಯುವುದಿಲ್ಲ, ಬಲವಂತ ಮಾಡಬೇಡ. ತಲೆ ಬಾಚಲು ಈಗ ಯಾರನ್ನೂ ಬಿಡುವುದಿಲ್ಲ, ನಿನ್ನನ್ನು ಬಿಟ್ಟರೂ ಬಿಟ್ಟಾಳು. ನಾನು ಬರುವುದಿಲ್ಲ. ಇಲ್ಲೇ ಇರುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ. ಆ ಕಚೇರಿಗೆ ತಿಂಗಳಿಗೊಮ್ಮೆ ಹೋಗಿ ಫೈಲು ತೆಗೆಯಿರಿ ಎಂದು ಕೇಳುತ್ತಿರುತ್ತೇನೆ. ತೆಗೆಯುವುದಿಲ್ಲ ಎಂದು ನನಗೂ ಗೊತ್ತು.

ಹೊಟ್ಟೆಗೆ ಹಾಕಿಕೋ ಎಂದು ಕೇಳುತ್ತಿಲ್ಲ. ನೀನು ಆಗಲೇ ಎಲ್ಲವನ್ನೂ ಹಾಕಿಕೊಂಡು ಕೂತಿದ್ದೀಯ, ಅದೇ ನನ್ನ ಸಂಕಟ. ನನಗೆ ಬೇಕಾದದ್ದು ಬೇರೆ. ನೀನು ನನ್ನ ಮೇಲೆ ಸಿಟ್ಟಾಗಬೇಕು. ಪುಟ್ಟಿಯ ಮುಂದೆಯೇ ನನ್ನ ಹೆಸರು ಹಿಡಿದು ಶಪಿಸು, ಈ ಕಾಗದವನ್ನು ಹರಿದು ಒಲೆಗೆ ಹಾಕು, ಸತ್ತರೂ ನಿನ್ನ ಮುಖ ನೋಡುವುದಿಲ್ಲ ಎಂದು ಹೇಳಿಕಳಿಸು. ಹಾಗೆ ಹೇಳಿಕಳಿಸಿದ ದಿನ, ನೀನು ನಂಬಿದೆ ಎಂದು ತಿಳಿಯುತ್ತೇನೆ.

ಚಿಕ್ಕವಳು ದೊಡ್ಡವಳನ್ನು ಹರಸಬಾರದಂತೆ. ಆದರೂ, ನಿನಗೆ ನನ್ನ ಮೇಲೆ ಸಿಟ್ಟು ಬರಲಿ ಅಕ್ಕ. ಬೇಗ ಬರಲಿ.

ನೀನು ಬೆನ್ನು ಸವರಿ ಕಳಿಸಿದ,
ನಿನ್ನ ತಂಗಿ